ಒರಗಿ ತುಳಿಯುವ ಸೈಕಲ್‌ಗೆ ಎಂತಹ ಗೇರ್ ಶಿಫ್ಟರ್ ಸೂಕ್ತ?

ಏರುದಾರಿ ಎದುರಾದಾಗ ಸಾಮಾನ್ಯ ಸೈಕಲ್ ಸವಾರ ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಿ ತುಳಿಯುತ್ತಾನೆ. ಕಾಲುಗಳನ್ನು ಮುಂದಕ್ಕೆ ಚಾಚಿ, ಬೆನ್ನು ಒರಗಿಸಿ ತುಳಿಯುವ ರಿಕಂಬೆಂಟ್ ಸೈಕಲ್‌ನಲ್ಲಿ ಈ ಅನುಕೂಲವಿಲ್ಲ. ಏರಿನ ನಡುವೆ ಭಾರದ ಗೇರ್‌ನಲ್ಲಿ ಸಿಲುಕಿದರೆ ವೇಗ ಕುಸಿದು ಸಮತೋಲನ ತಪ್ಪುತ್ತದೆ. ಆದ್ದರಿಂದ ಇಲ್ಲಿ ಶಿಫ್ಟರ್ ಆಯ್ಕೆಯು ಕೇವಲ ಅಭಿರುಚಿಯ ಪ್ರಶ್ನೆಯಲ್ಲ.

ಫ್ರಾನ್ಸಿನ ಫ್ರಾನ್ಸಿಸ್ ಫೋರ್ 1933ರಲ್ಲಿ ಇಂತಹ ಸೈಕಲ್ ಏರಿ ಒಂದು ಗಂಟೆಯಲ್ಲಿ 45 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿದ್ದರು. ಮರುವರ್ಷವೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಈ ವಿನ್ಯಾಸವನ್ನು ಸ್ಪರ್ಧೆಗಳಿಂದ ಹೊರಗಿಟ್ಟಿತು. ಇಂದಿಗೂ ಇವುಗಳಿಗೆ ಬಳಕೆಯಾಗುವ ಶಿಫ್ಟರ್‌ಗಳು ಬಹುಪಾಲು ಸಾಮಾನ್ಯ ಸೈಕಲ್‌ಗೆಂದು ರೂಪುಗೊಂಡವೇ ಆಗಿವೆ.

ಪ್ರಮುಖವಾಗಿ ಮೂರು ಬಗೆಗಳಿವೆ. ಹಿಡಿಯನ್ನೇ ತಿರುಗಿಸುವ ಶಿಫ್ಟರ್‌ನಲ್ಲಿ ಒಂದೇ ತಿರುವಿಗೆ ಹಲವು ಗೇರ್ ಇಳಿಸಬಹುದು. ಆದರೆ ಕೇಬಲ್ ಬಿಗಿಯಾಗಿದ್ದರೆ ಮಣಿಕಟ್ಟಿಗೆ ಶ್ರಮ. ಹ್ಯಾಂಡಲ್ ತುದಿಯಲ್ಲಿ ಕೂರುವ ಬಾರ್-ಎಂಡ್ ಶಿಫ್ಟರ್, ಸೀಟಿನ ಪಕ್ಕದಲ್ಲಿ ನೆಟ್ಟಗೆ ನಿಂತ ಹ್ಯಾಂಡಲ್‌ಗಳಿಗೆ ಒಪ್ಪುತ್ತದೆ. ಹೆಬ್ಬೆರಳಿಗೆ ಸುಲಭವಾಗಿ ಎಟುಕುತ್ತದೆ. ಒತ್ತುವ ಟ್ರಿಗರ್ ಶಿಫ್ಟರ್ ನಿಖರವಾದರೂ ಹಿಡಿಯ ಕೋನ ಬದಲಾದಾಗ ಬೆರಳಿಗೆ ಸಿಗದಿರಬಹುದು. ಹಿಡಿತ ಸಡಿಲಿಸದೆ ಗೇರ್ ಬದಲಿಸಲು ಸಾಧ್ಯವೇ ಎಂಬುದೇ ಮುಖ್ಯ ಪರೀಕ್ಷೆ.

ಎರಡನೆಯದು ಕೇಬಲ್. ಹ್ಯಾಂಡಲ್‌ನಿಂದ ಹಿಂಬದಿಯ ಡಿರೇಲರ್‌ವರೆಗಿನ ದಾರಿ ಇಲ್ಲಿ ದೀರ್ಘವಾದುದು. ಸುಮಾರು 2 ಮೀಟರಿನ ಸಾಮಾನ್ಯ ಕೇಬಲ್ ಹಲವು ಮಾದರಿಗಳಿಗೆ ಸಾಲದು. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್‌ನ 3 ಮೀಟರ್ ಕೇಬಲ್ ಬೇಕಾಗುತ್ತದೆ. ಉದ್ದ ಮತ್ತು ತಿರುವುಗಳು ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆ.

ಮೂರನೆಯದು ಹೊಂದಾಣಿಕೆ. ಗೇರ್ ಸಂಖ್ಯೆ ಒಂದೇ ಆದ ಮಾತ್ರಕ್ಕೆ ಭಾಗಗಳು ಕೂಡುವುದಿಲ್ಲ. ಶಿಮಾನೊದ 10 ಗೇರ್‌ಗಳ ರಸ್ತೆ ಸೈಕಲ್ ಶಿಫ್ಟರ್ ಎಳೆಯುವ ಕೇಬಲ್‌ನ ಪ್ರಮಾಣವು, ಅದೇ ಕಂಪನಿಯ 10 ಗೇರ್‌ಗಳ ಮೌಂಟನ್ ಸೈಕಲ್ ಡಿರೇಲರ್‌ಗೆ ಹೊಂದುವುದಿಲ್ಲ.

ಡಿರೇಲರ್‌ಗೆ ಇನ್ನೊಂದು ಮಿತಿಯಿದೆ: ಚೈನು ಚಲಿಸುತ್ತಿದ್ದರೆ ಮಾತ್ರ ಗೇರ್ ಬದಲಾಗುತ್ತದೆ. ಹಠಾತ್ತನೆ ನಿಂತರೆ ಭಾರದ ಗೇರ್‌ನಲ್ಲೇ ಮತ್ತೆ ಹೊರಡಬೇಕು. ಜರ್ಮನಿಯ ರೋಲೋಫ್ ಕಂಪನಿಯ 14 ಗೇರ್‌ಗಳ ಹಬ್‌ನಂತಹ ಒಳಗೇರ್ ವ್ಯವಸ್ಥೆಯಲ್ಲಿ ನಿಂತಲ್ಲೇ ಗೇರ್ ಇಳಿಸಬಹುದು. ಆದರೆ ಬೆಲೆ ದುಬಾರಿ.

ಅಷ್ಟು ವೆಚ್ಚ ಮಾಡಲಾಗದವರು ಕೈಗೆಟುಕುವ ಶಿಫ್ಟರ್ ಆರಿಸಿ, ಸಿಗ್ನಲ್‌ಗೆ ಮುನ್ನವೇ ಗೇರ್ ಇಳಿಸುವ ಅಭ್ಯಾಸ ಬೆಳೆಸಿಕೊಳ್ಳುವುದು ಕ್ಷೇಮ.