ಸುಕ್ಕೇ ಅಂದವಾದ ಬಣ್ಣ

1995ರಲ್ಲಿ ಜಪಾನಿನಲ್ಲಿ ಬಂದ ಹೋಂಡಾ ಇಂಟೆಗ್ರಾ ಟೈಪ್ ಆರ್ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಎಂಜಿನ್ ಮೇಲಿನ ಮುಚ್ಚಳವಾದ ಕೆಂಪು ವಾಲ್ವ್ ಕವರ್. ಬೆರಳಾಡಿಸಿದರೆ ನುಣುಪಿಲ್ಲ, ಮೈತುಂಬ ಸಣ್ಣ ಸುಕ್ಕು. ಇದೇ ರಿಂಕಲ್ ಪೇಂಟ್!

ಸುಕ್ಕು ಬರುವುದು ಹೇಗೆ? ಬಣ್ಣದ ಮೇಲ್ಪದರ ಬೇಗ ಒಣಗಿ ಪೊರೆ ಕಟ್ಟುತ್ತದೆ, ಒಳಗಿನದು ಇನ್ನೂ ಮೆತ್ತಗೇ ಇರುತ್ತದೆ. ಹಿಗ್ಗಿದ ಪೊರೆಗೆ ಹರಡಲು ಜಾಗವಿಲ್ಲದೆ, ಕಾಯಿಸಿದ ಹಾಲಿನ ಕೆನೆಯಂತೆ ಮಡಿಕೆ ಬೀಳುತ್ತದೆ.

ಮನೆಯಲ್ಲೂ ಮಾಡಬಹುದು. ಕವರ್ ಬಿಚ್ಚಿ, ಜಿಡ್ಡು ಮತ್ತು ಹಳೇ ಬಣ್ಣವನ್ನು ಪೂರ್ತಿ ತೆಗೆಯಬೇಕು. ಗ್ಯಾಸ್ಕೆಟ್ ಕೂರುವ ಅಂಚಿಗೆ, ಬೋಲ್ಟ್ ತೂತುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು. ಆಮೇಲೆ ಸ್ಪ್ರೇ ಡಬ್ಬಿಯಿಂದ ಮೂರು ದಪ್ಪ ಕೋಟ್: ಮೊದಲು ಅಡ್ಡಕ್ಕೆ, ನಂತರ ಉದ್ದಕ್ಕೆ, ಕೊನೆಗೆ ಓರೆಯಾಗಿ. ಪ್ರತಿ ಕೋಟ್ ನಡುವೆ ಸುಮಾರು 5 ನಿಮಿಷ ಬಿಡುವು. ತೆಳುವಾಗಿ ಹೊಡೆದರೆ ಸುಕ್ಕೇ ಏಳುವುದಿಲ್ಲ.

ಈಗ ಬಿಸಿ. ಹೀಟ್ ಗನ್ ಅನ್ನು ತುಸು ದೂರದಿಂದ ಹಿಡಿದರೆ, ಹೊಳೆಯುತ್ತಿದ್ದ ಹಸಿ ಬಣ್ಣ ಮಂಕಾಗಿ, ಗೆರೆಗೆರೆಯಾಗಿ ಮುದುಡುವುದು ಕಣ್ಣೆದುರೇ ಕಾಣುತ್ತದೆ.

ಬಣ್ಣ ಗಟ್ಟಿಯಾದ ಮೇಲೆ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಕವರ್‌ನಲ್ಲಿ ಉಬ್ಬಿದ ಅಕ್ಷರಗಳ ಮೇಲಷ್ಟೇ ಉಜ್ಜಿದರೆ, ಕೆಂಪಿನ ನಡುವೆ ಲೋಹ ಫಳಫಳ ಹೊಳೆಯುತ್ತದೆ.

ಎರಕದ ಒರಟುತನ, ಸಣ್ಣ ಗೀರುಗಳೆಲ್ಲ ಈ ಸುಕ್ಕಿನಲ್ಲಿ ಮರೆಯಾಗುತ್ತವೆ. ಸಂದುಗಳಲ್ಲಿ ಧೂಳು ಕೂರುವುದರಿಂದ ಆಗಾಗ ಮೆತ್ತನೆಯ ಬ್ರಷ್ ಆಡಿಸಬೇಕು.

ಎಂಜಿನ್‌ನ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಮಾತ್ರ ಈ ಬಣ್ಣ ಬೇಡ. ಸಾಮಾನ್ಯ ರಿಂಕಲ್ ಪೇಂಟ್ ತಡೆಯುವುದು ಸುಮಾರು 175 ಡಿಗ್ರಿ ಸೆಲ್ಸಿಯಸ್, ಮ್ಯಾನಿಫೋಲ್ಡ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅದಕ್ಕೆಂದೇ ಹೆಚ್ಚು ಶಾಖ ತಾಳುವ ಬೇರೆ ಪೇಂಟ್ ಸಿಗುತ್ತದೆ.