ವಾಲಿಗೆ ಯಾರ ದನಿ?

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ತಾಳಮದ್ದಳೆಗಳ ಕಾಲ. ಕರಪತ್ರ ಕೈಗೆ ಬಂದೊಡನೆ ಜನರ ಕಣ್ಣು ಹೋಗುವುದು ಪ್ರಸಂಗದ ಹೆಸರಿಗಲ್ಲ, ಅದರ ಕೆಳಗಿನ ಅರ್ಥಧಾರಿಗಳ ಪಟ್ಟಿಗೆ. ವಾಲಿ ಯಾರದ್ದು? ರಾಮ ಯಾರದ್ದು? “ಆ ವಾಲಿಗೆ ಈ ರಾಮ ಸಾಲದು ಮಾರಾಯ್ರೆ” ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕಿರೀಟವಿಲ್ಲ, ಕುಣಿತವೂ ಇಲ್ಲ. ಭಾಗವತರು ಪದ ಹಾಡುತ್ತಾರೆ. ಕುಳಿತ ಅರ್ಥಧಾರಿಗಳು ಮಾತಾಡುತ್ತಾರೆ. ದನಿ ಮತ್ತು ಮಾತು, ಪಾತ್ರವೆಂದರೆ ಇಷ್ಟೇ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದ ಮೇಲೆ, ಅರ್ಥಧಾರಿಯ ಮುಖವನ್ನೇ ಕಾಣದೆ ಮನೆಯ ಜಗಲಿಯಲ್ಲಿ ಕುಳಿತು ವಾಲಿಯನ್ನು ‘ಕಂಡ’ ಮಕ್ಕಳು ಎಷ್ಟೋ.

ಕಥೆ, ನಾಟಕ ಬರೆಯುವ ಹುಡುಗರಿಗೆ ಒಂದು ಚಾಳಿಯುಂಟು. ಪಾತ್ರ ಪೂರ್ತಿ ಹುಟ್ಟುವ ಮೊದಲೇ ಅದಕ್ಕೊಂದು ದನಿಯನ್ನು ಆರಿಸಿಬಿಡುತ್ತಾರೆ. “ನನ್ನ ರಾಜನ ಮಾತು ಇಂಥವರ ಬಾಯಲ್ಲೇ ಬರಬೇಕು!” ಹೆತ್ತವರಿಗೆ ಇದು ಹಗಲುಗನಸಾಗಿ ತೋರುತ್ತದೆ. ಆದರೆ ಈ ಕನಸಿನಲ್ಲಿ ಬರವಣಿಗೆಯ ಒಂದು ದೊಡ್ಡ ಪಾಠವೇ ಅಡಗಿದೆ.

ಪ್ರಸಂಗಕರ್ತ ಬರೆದಿಡುವುದು ಪದಗಳನ್ನು ಮಾತ್ರ. ಅರ್ಥ ಹುಟ್ಟುವುದು ಕೂಟದಲ್ಲಿ, ಆ ಕ್ಷಣದಲ್ಲಿ. ಹೀಗಾಗಿ ಒಂದೇ ಪದಕ್ಕೆ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಕಟ್ಟುತ್ತಿದ್ದ ವಾದವೇ ಬೇರೆ. ದೇರಾಜೆ ಸೀತಾರಾಮಯ್ಯನವರು (1914–1984) ಮೆಲುದನಿಯಲ್ಲಿ ಬಿಡಿಸುತ್ತಿದ್ದ ಮನಸ್ಸೇ ಬೇರೆ. ಧರ್ಮಸ್ಥಳ ಮೇಳದಲ್ಲಿ ದುಡಿದ ಕುಂಬಳೆ ಸುಂದರ ರಾವ್ (1934–2022) ಅವರದ್ದು ಪ್ರಾಸದ ಓಟ. ಅವರ ಮನೆಮಾತು ಮಲಯಾಳ ಎಂದರೆ ಕೇಳಿದವರು ನಂಬುತ್ತಿರಲಿಲ್ಲ! ಮರೆಯಲ್ಲಿ ನಿಂತು ಏಕೆ ಬಾಣ ಬಿಟ್ಟೆ ಎಂದು ವಾಲಿ ರಾಮನನ್ನು ಕೇಳುತ್ತಾನೆ. ಪ್ರಶ್ನೆ ಒಂದೇ. ಒಬ್ಬರ ಬಾಯಲ್ಲಿ ಅದು ನ್ಯಾಯಾಲಯದ ಸವಾಲಾದರೆ, ಇನ್ನೊಬ್ಬರ ಬಾಯಲ್ಲಿ ನೊಂದ ಜೀವದ ಅಳಲು. ಅಂದ ಮೇಲೆ ದನಿಯನ್ನು ಆರಿಸುವುದೆಂದರೆ ಅರ್ಧ ಪಾತ್ರವನ್ನೇ ಇನ್ನೊಬ್ಬರ ಕೈಗೆ ಕೊಟ್ಟಂತೆ.

ಇದು ನಮ್ಮ ಕರಾವಳಿಯ ಸಂಗತಿ ಮಾತ್ರವಲ್ಲ. ಡಿಸ್ನಿಯವರ 1967ರ ‘ಜಂಗಲ್ ಬುಕ್’ ಚಿತ್ರದಲ್ಲಿ ಬಲೂ ಕರಡಿಯದ್ದು ಮೊದಲು ಸಣ್ಣ ಪಾತ್ರ. ಫಿಲ್ ಹ್ಯಾರಿಸ್ ದನಿ ಕೊಡಲು ಬಂದು ತಮ್ಮದೇ ಧಾಟಿಯಲ್ಲಿ ಮಾತಾಡತೊಡಗಿದ ಮೇಲೆ ಕರಡಿ ಬೆಳೆದು ಚಿತ್ರದುದ್ದಕ್ಕೂ ವ್ಯಾಪಿಸಿಕೊಂಡಿತು.

ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಕಟೀಲು ಮೇಳದ ಭಾಗವತರೂ ಹೌದು, ಹಲವು ಪ್ರಸಂಗಗಳನ್ನು ಬರೆದವರೂ ಹೌದು. ರಾತ್ರಿಯಿಡೀ ಕಲಾವಿದರನ್ನು ಹತ್ತಿರದಿಂದ ಕಂಡವರು ಲೇಖನಿ ಹಿಡಿದರೆ, ಯಾವ ಪದ ಯಾರ ಬಾಯಲ್ಲಿ ಹೇಗೆ ಅರಳೀತೆಂಬ ಅಂದಾಜು ಇಲ್ಲದೆ ಇದ್ದೀತೇ?

ಅಪಾಯವೂ ಉಂಟು. ಶೇಣಿಯವರ ಧ್ವನಿಸುರುಳಿ ಕೇಳಿ ಮರುಳಾದ ಹುಡುಗ ತನ್ನ ನಾಟಕದ ರಾಜ, ಬೇಟೆಗಾರ, ದೂತ ಮೂವರಿಗೂ ಅದೇ ಗಾಂಭೀರ್ಯ ಕೊಟ್ಟುಬಿಡುತ್ತಾನೆ. ಪಾತ್ರಗಳ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದರೆ ಯಾರ ಮಾತು ಯಾರದ್ದೆಂದು ಅವನಿಗೇ ಗೊತ್ತಾಗದು. ದೂತನಿಗೆ ಬಂಟ್ವಾಳ ಜಯರಾಮ ಆಚಾರ್ಯರಂಥ ಹಾಸ್ಯಗಾರರ ದನಿಯನ್ನು ನೆನೆದಿದ್ದರೆ ವಾಕ್ಯವೇ ಬೇರೆಯಾಗುತ್ತಿತ್ತು, ಗಿಡ್ಡವಾಗುತ್ತಿತ್ತು. ಎದುರಾಳಿಯ ಲೆಕ್ಕವೂ ಬೇಕು. ಎರಡು ಗುಡುಗುಗಳ ನಡುವೆ ಸಂವಾದವಿಲ್ಲ.

ಕನಸಿನ ದನಿ ಶಾಲಾ ವಾರ್ಷಿಕೋತ್ಸವಕ್ಕೆ ಬರುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಅಲ್ಲಿ ಹೆತ್ತವರ ಸರದಿ. ರಾಜನ ಮಾತನ್ನು ಅಪ್ಪ, ದೂತನದ್ದನ್ನು ಅಜ್ಜಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಲಿ. ಅಪ್ಪನಿಗೆ ಉಸಿರು ಸಾಲದಿದ್ದಲ್ಲಿ ಮಗ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳಲಿ. ಅಜ್ಜಿ ಬರೆದದ್ದನ್ನು ಬಿಟ್ಟು ತನ್ನದೇ ಮಾತು ಸೇರಿಸಿದರೆ ಅದನ್ನೂ ಬರೆದುಕೊಳ್ಳಲಿ.