ಬಳಪದ ಕಲ್ಲಿನ ಶಾಸನಕ್ಕೆ ಮರಳು ಯಾಕೆ ಬೇಡ?

ಹೊಸಬಾಳೆಯ ಆಸುಪಾಸು, ಒಟ್ಟಾರೆ ಸೊರಬ-ಶಿಕಾರಿಪುರ ಸೀಮೆಯಲ್ಲಿ ಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳಿಗೆ ಬರವಿಲ್ಲ. ಮಣ್ಣಿನಿಂದ ಒಂದು ಕಲ್ಲು ಮೇಲೆದ್ದರೆ ಪಾತ್ರೆ ತಿಕ್ಕಿದ ಹಾಗೆ ಮರಳು ಹಾಕಿ ಉಜ್ಜುವವರೂ ಇದ್ದಾರೆ, ಅದೂ ಪ್ರೀತಿಯಿಂದಲೇ. ಕಲ್ಲು ತಾನೇ, ಏನಾಗುತ್ತೆ ಅನ್ನಿಸಬಹುದು. ಅದು ಎಂಥ ಕಲ್ಲು ಅನ್ನೋದನ್ನು ಮೊದಲು ನೋಡಬೇಕು.

ಶಿಲೆಯೊಳಗಿನ ಖನಿಜಗಳು ಬಹುಪಾಲು ಹರಳುಗಳು. ಅಂದರೆ ಪರಮಾಣುಗಳು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಜೋಡಣೆಯಾಗಿರುತ್ತವೆ. ನಮ್ಮ ಕಲ್ಲುಗಳಲ್ಲಿ ಮೂಲ ಇಟ್ಟಿಗೆ ಹೆಚ್ಚಾಗಿ ಒಂದೇ: ನಡುವೆ ಒಂದು ಸಿಲಿಕಾನ್, ನಾಲ್ಕು ಮೂಲೆಗೆ ನಾಲ್ಕು ಆಮ್ಲಜನಕ. ಬೆಣಚುಕಲ್ಲಿನಲ್ಲಿ ಈ ನಾಲ್ಕೂ ಮೂಲೆಗಳು ಅಕ್ಕಪಕ್ಕದ ಇಟ್ಟಿಗೆಗಳಿಗೆ ಬೆಸೆದಿವೆ. ಎತ್ತ ಗೀರಿದರೂ ಗಟ್ಟಿ ಬಂಧವೇ ಎದುರಾಗುತ್ತದೆ. ಮೋಸ್ ಕಾಠಿಣ್ಯದ ಅಳತೆಯಲ್ಲಿ ಇದಕ್ಕೆ 7. ತಾಳಗುಂದದ ಎಂಟು ಮುಖದ ಕಂಬ ಗ್ರಾನೈಟಿನದು, ಅದರಲ್ಲಿ ಬೆಣಚು ಸಾಕಷ್ಟಿರುತ್ತದೆ. ಕುಬ್ಜ ಕವಿಯ ಸಾಲುಗಳನ್ನು ಅಲ್ಲಿ ಕಂಡರಿಸಿದವನ ತೋಳು ಎಷ್ಟು ನೊಂದಿರಬೇಕು!

ಬಳಪದ ಕಲ್ಲಿನ ಟಾಲ್ಕ್ ಬೇರೆಯೇ ಜಾತಿ. ಅಲ್ಲಿ ಮೂರು ಮೂಲೆ ಮಾತ್ರ ಬೆಸೆದು ಹಾಳೆಯಾಗುತ್ತದೆ. ಎರಡು ಹಾಳೆಗಳ ನಡುವೆ ಮೆಗ್ನೀಸಿಯಂ ಕೂತು ಒಂದು ಪದರ. ಪದರದೊಳಗೆ ಬಂಧ ಗಟ್ಟಿಯೇ. ಆದರೆ ಪದರದ ಹೊರಮೈಯಲ್ಲಿ ವಿದ್ಯುದಂಶ ಉಳಿದಿಲ್ಲ, ಪಕ್ಕದ ಪದರವನ್ನು ಹಿಡಿಯೋದು ತೀರಾ ದುರ್ಬಲ ಸೆಳೆತವಷ್ಟೇ. ಉಗುರು ತಾಗಿದರೂ ಜಾರುತ್ತದೆ, ಕಾಠಿಣ್ಯ 1. ಜೊತೆಗಿರುವ ಕ್ಲೋರೈಟ್‌ನಲ್ಲಿ ಪದರಗಳ ನಡುವೆ ವಿದ್ಯುತ್ ಸೆಳೆತ ಇರೋದರಿಂದ 2ರಿಂದ 2.5. ಬಳ್ಳಿಗಾವಿಯ ಕೇದಾರೇಶ್ವರದಲ್ಲಿ ಅಷ್ಟು ನಯವಾದ ಕೆತ್ತನೆಗೆ ದಾರಿ ಮಾಡಿಕೊಟ್ಟಿದ್ದು ಈ ಸಡಿಲವೇ. (ಗಾಳಿಗೆ ಬಿಟ್ಟರೆ ಬಳಪದ ಕಲ್ಲು ಗಟ್ಟಿಯಾಗುತ್ತೆ ಅಂತಾರೆ. ಒಳಗಿನ ತೇವ ಆರಿ ಮೈ ಕೊಂಚ ಬಿಗಿದೀತು, ಆದರೆ ಟಾಲ್ಕಿನ ಬಂಧ ಬದಲಾಗದು.)

ಈಗ ಮರಳಿಗೆ ಬನ್ನಿ. ಹೊಳೆಮರಳಿನಲ್ಲಿ ಬಹುಪಾಲು ಬೆಣಚಿನ ಕಣವೇ. 1-2ರ ಮೈಮೇಲೆ 7ನ್ನು ಉಜ್ಜಿದ ಹಾಗಾಯಿತು. ಮೊದಲು ಹೋಗೋದು ಅಕ್ಷರದ ಅಂಚು. ಹಳೆಯ ಲಿಪಿಯಲ್ಲಿ ತಲೆ ತೆರೆದಿದ್ದರೆ ಪ, ಮುಚ್ಚಿದ್ದರೆ ವ. ಆ ಕೂದಲೆಳೆ ಸವೆದರೆ ಊರಿನ ಹೆಸರೇ ಬೇರೆಯಾದೀತು. ತಂತಿ ಬ್ರಷ್ಷಿಗೂ ಇದೇ ಮಾತು. ನೀರು, ಮೆತ್ತನೆಯ ಬ್ರಷ್ಷು, ತಾಳ್ಮೆ ಸಾಕು.

ಪದರುಶಿಲೆಯಾದರೆ ಇನ್ನೂ ಜೋಪಾನ. ಭೂಮಿಯ ಒತ್ತಡಕ್ಕೆ ಚಪ್ಪಟೆ ಹರಳುಗಳೆಲ್ಲ ಒಂದೇ ಕಡೆ ಮಲಗಿರುವುದರಿಂದ ಅದು ಹಲಗೆಯಾಗಿ ಸೀಳುತ್ತದೆ, ಅಕ್ಷರದ ಸಮೇತ ಹಕ್ಕಳೆಯಾಗಿಯೂ ಏಳುತ್ತದೆ. ಅಂಥಲ್ಲಿ ಪಡಿಯಚ್ಚಿನ ಕಾಗದವನ್ನೂ ಬಡಿಯಬೇಡಿ. ಓರೆ ಬೆಳಕಿನಲ್ಲಿ ಫೋಟೋ ತೆಗೆದುಕೊಳ್ಳಿ.